ವಿಶ್ವ ಬ್ಯಾಂಕ್ ಸಾಲದಲ್ಲಿ ಉಪಕರಣ ಖರೀದಿ: 28 ದಿನ ಕಮ್ಮಿ ಬಿದ್ದ ಕಥೆ

ಪ್ರಾಜೆಕ್ಟ್ ಆಫೀಸಿನ ಖರೀದಿ ವಿಭಾಗಕ್ಕೆ ನನ್ನನ್ನು ಹಾಕಿದ ದಿನ ಹಳಬರೊಬ್ಬರು ಹೇಳಿದ್ದು ಒಂದೇ ಮಾತು. "ಇದು ವಿಶ್ವ ಬ್ಯಾಂಕ್ ಸಾಲ. ಲೋಕಲ್ ಸಪ್ಲೈಯರ್ ಗಿಪ್ಲೈಯರ್ ಎಲ್ಲ ಮರೆತುಬಿಡಿ, ಹೊರಗಿನಿಂದಲೇ ತರಿಸಬೇಕು." ನಾನು ನಂಬಿದೆ. ಎರಡು ತಿಂಗಳು ನಂಬಿಕೊಂಡೇ ಇದ್ದೆ.

ನಾವು ಕೊಳ್ಳಬೇಕಿದ್ದದ್ದು ಕುಡಿಯುವ ನೀರು ಪರೀಕ್ಷೆ ಮಾಡುವ 14 ಲ್ಯಾಬ್‌ಗಳಿಗೆ ಸಾಮಾನು. ಆಟೋಕ್ಲೇವ್ (ಬಿಸಿ ಹಬೆಯ ಒತ್ತಡದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಯಂತ್ರ), ಇನ್‌ಕ್ಯುಬೇಟರ್, ಪಿಎಚ್ ಮೀಟರ್, ಸ್ಪೆಕ್ಟ್ರೋಫೋಟೋಮೀಟರ್, ಸ್ಟೀಲ್ ಮೇಜು, ಗಾಜಿನ ಸಾಮಾನು, ಕರೆಂಟ್ ಹೋದಾಗ ಓಡಿಸಲು ಜನರೇಟರ್. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ದೇಶದೊಳಗೇ ತಯಾರಾಗುತ್ತದೆ. ಮೇಜು ಮಾಡಿಸಲು ಸಮುದ್ರ ದಾಟಬೇಕಾ ಅಂತ ನನಗೂ ಅನಿಸಿತ್ತು. ಆದರೆ ಹೊಸಬ, ಬಾಯಿ ಬಿಡಲಿಲ್ಲ.

ಒಂದು ಸಂಜೆ ಸುಮ್ನೆ ಕೂತು ಬ್ಯಾಂಕಿನ ಮೂಲ ಒಪ್ಪಂದ ಓದಿದೆ. 1944ರಲ್ಲಿ ಬ್ರೆಟನ್ ವುಡ್ಸ್‌ನಲ್ಲಿ ಬರೆದದ್ದು. ಅದರ ಮೂರನೇ ವಿಧಿಯ ಐದನೇ ಸೆಕ್ಷನ್‌ನಲ್ಲೇ ಇದೆ: ಸಾಲದ ಹಣವನ್ನು ಇಂಥ ಸದಸ್ಯ ದೇಶದಲ್ಲೇ ಖರ್ಚು ಮಾಡಬೇಕು ಅಂತ ಬ್ಯಾಂಕ್ ಷರತ್ತು ಹಾಕುವ ಹಾಗಿಲ್ಲ. ಅದರ ಕೆಳಗೇ ಇನ್ನೊಂದು ಮಾತು. ಹಣ ಯಾವ ಕೆಲಸಕ್ಕೆ ಕೊಟ್ಟದ್ದೋ ಅದಕ್ಕೇ ಹೋಗಬೇಕು, ಮಿತವ್ಯಯ ಮತ್ತು ದಕ್ಷತೆ ನೋಡಬೇಕು, ರಾಜಕೀಯ ನೋಡಬಾರದು. ಅಷ್ಟೇ. ಹೊರಗಿನಿಂದಲೇ ತರಬೇಕು ಅನ್ನುವ ಮಾತು ಎಲ್ಲೂ ಇಲ್ಲ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಅದಕ್ಕೂ ಬುಡ ಇದೆ. ಮೊದಮೊದಲು ಈ ಸಾಲ ಕೊಡುತ್ತಿದ್ದದ್ದು ಮುಖ್ಯವಾಗಿ ವಿದೇಶಿ ವಿನಿಮಯದ ಖರ್ಚಿಗೆ, ಅಂದರೆ ಹೊರಗಿನಿಂದ ಯಂತ್ರ ತರಿಸಲು ಬೇಕಾದ ಡಾಲರಿಗೆ. ದೇಶದೊಳಗಿನ ಖರ್ಚಿಗೆ ಸ್ಥಳೀಯ ಹಣ ಕೊಡುವುದು ವಿಶೇಷ ಸಂದರ್ಭದಲ್ಲಿ ಮಾತ್ರ ಅಂತ ಅದೇ ಒಪ್ಪಂದದ ನಾಲ್ಕನೇ ವಿಧಿಯಲ್ಲಿ ಬರೆದಿದ್ದರು. ಆ ಕಾಲ ಹೋಯಿತು. ಈಗ ದೇಶದೊಳಗಿನ ಖರ್ಚೂ, ಒಪ್ಪಂದದಲ್ಲಿ ಸೇರಿದ್ದರೆ ತೆರಿಗೆಯೂ ಸಾಲದಿಂದಲೇ ಹೋಗುತ್ತದೆ. ನಮ್ಮ ಆಫೀಸಿನ ಬಾಯಿಮಾತು ಮಾತ್ರ ಹಳೇ ಕಾಲದಲ್ಲೇ ಉಳಿದಿತ್ತು.

ನಮಗೆ ಅನ್ವಯವಾಗುತ್ತಿದ್ದದ್ದು 2016ರ ಜುಲೈ 1ರಿಂದ ಜಾರಿಗೆ ಬಂದ ಖರೀದಿ ನಿಯಮ. ಅದರ ಪ್ರಕಾರ ಮೊದಲು ಒಂದು ಖರೀದಿ ತಂತ್ರದ ದಾಖಲೆ ಬರೆಯಬೇಕು: ಮಾರುಕಟ್ಟೆ ಹೇಗಿದೆ, ಯಾರು ತಯಾರಿಸುತ್ತಾರೆ, ಯಾರಿಗೆ ಕೊಡುವ ತಾಕತ್ತಿದೆ, ತೊಂದರೆ ಎಲ್ಲಿ ಬರಬಹುದು. ಆಮೇಲೆ ಅದರ ಮೇಲೆ ಖರೀದಿ ಯೋಜನೆ, ಮೊದಲ 18 ತಿಂಗಳಿಗೆ. ಅದನ್ನು ಸ್ಟೆಪ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಏರಿಸಬೇಕು. ಆ ತಂತ್ರದ ದಾಖಲೆಯನ್ನು ಹೆಚ್ಚಿನವರು ಹಳೇ ಪ್ರಾಜೆಕ್ಟಿನದ್ದನ್ನು ಕಾಪಿ ಹೊಡೆದು ಮುಗಿಸುತ್ತಾರೆ. ನಮ್ಮಲ್ಲೂ ಹಾಗೇ ಆಗಿತ್ತು. ಮಾರುಕಟ್ಟೆ ಅಧ್ಯಯನ ಅನ್ನುವ ಜಾಗದಲ್ಲಿ ಎರಡು ಪ್ಯಾರಾ, ಅದರಲ್ಲಿ ಒಂದು ಪ್ಯಾರಾ ರಸ್ತೆ ಕಾಮಗಾರಿಯ ಬಗ್ಗೆ! ನೀರಿನ ಲ್ಯಾಬಿಗೂ ಡಾಂಬರಿಗೂ ಏನು ಸಂಬಂಧವೋ ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ಮೊದಲ ತಪ್ಪು ಸ್ಪೆಸಿಫಿಕೇಶನ್‌ನಲ್ಲಿ. ಆಟೋಕ್ಲೇವ್‌ಗೆ ಏನು ಬರೆಯಬೇಕು ಅಂತ ಗೊತ್ತಿಲ್ಲದೆ ಒಂದು ವಿದೇಶಿ ಕಂಪನಿಯ ಕ್ಯಾಟಲಾಗ್ ತೆಗೆದು ಸಾಲು ಸಾಲಾಗಿ ಇಳಿಸಿದೆ. ಬ್ರ್ಯಾಂಡ್ ಹೆಸರು ಹಾಕಲಿಲ್ಲ, ಹಾಕುವ ಹಾಗಿಲ್ಲ ಅಂತ ಗೊತ್ತಿತ್ತು. ಬೇರೆ ದಾರಿಯೇ ಇಲ್ಲದಿದ್ದರೆ ಹೆಸರಿನ ಜೊತೆ 'ಅಥವಾ ಅದಕ್ಕೆ ಸಮಾನವಾದದ್ದು' ಅಂತ ಸೇರಿಸಬೇಕು. ಆದರೆ ಒಳಗಿನ ಪಾತ್ರೆಯ ವ್ಯಾಸ ಮಿಲಿಮೀಟರ್ ಲೆಕ್ಕದಲ್ಲಿ, ತೂಕ ಕಿಲೋ ಲೆಕ್ಕದಲ್ಲಿ, ಕೊನೆಗೆ ಬಾಗಿಲಿನ ಹಿಡಿ ನೀಲಿ ಬಣ್ಣದ್ದಿರಬೇಕು ಅನ್ನುವ ತನಕ ಬರೆದುಬಿಟ್ಟಿದ್ದೆ. ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲ ಆ ಕಂಪನಿಯೇ! ನಮ್ಮದು ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕಾದ ಪ್ಯಾಕೇಜ್ ಆಗಿದ್ದರಿಂದ ಟೆಂಡರ್ ಡಾಕ್ಯುಮೆಂಟ್ ಬ್ಯಾಂಕಿಗೆ ಹೋಯಿತು. ಈ ಒಪ್ಪಿಗೆಗೆ 'ನೋ ಅಬ್ಜೆಕ್ಷನ್' ಅಂತಾರೆ, ಆಫೀಸಿನಲ್ಲಿ ಬೆಳಗಾದರೆ 'ಎನ್‌ಒ ಬಂತಾ' ಅನ್ನುವುದೇ ಮಾತು. ಎನ್‌ಒ ಬರಲಿಲ್ಲ. ಬದಲಿಗೆ ಮಾರ್ಜಿನ್‌ನಲ್ಲಿ ಒಂದು ಪ್ರಶ್ನೆ ಬಂತು: ಹಿಡಿ ಕೆಂಪಾಗಿದ್ದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲವೇ?

ನಾಚಿಕೆ ಆಯಿತು, ಆದರೆ ಕಲಿತೆ. ಲ್ಯಾಬಿನಲ್ಲಿ ಕೆಲಸ ಮಾಡುವವರ ಜೊತೆ ಕೂತು ಅದನ್ನೇ ಹೊಸದಾಗಿ ಬರೆದೆವು. 121 ಡಿಗ್ರಿಗೆ ಏರಬೇಕು, ಅಲ್ಲಿ ಕನಿಷ್ಠ 15 ನಿಮಿಷ ನಿಲ್ಲಬೇಕು, ಒಳಗೆ ಇಷ್ಟು ಲೀಟರ್‌ಗಿಂತ ಕಮ್ಮಿ ಹಿಡಿಯಬಾರದು, ಒತ್ತಡ ಜಾಸ್ತಿ ಆದರೆ ತಾನೇ ಬಿಡುವ ಸೇಫ್ಟಿ ವಾಲ್ವ್ ಇರಬೇಕು, ರಬ್ಬರ್ ಗ್ಯಾಸ್ಕೆಟ್ ಐದು ವರ್ಷ ದೇಶದೊಳಗೆ ಸಿಗಬೇಕು. ಯಂತ್ರ ಏನು ಮಾಡಬೇಕು ಅಂತ ಬರೆದೆವು, ಹೇಗೆ ಕಾಣಬೇಕು ಅಂತಲ್ಲ. ಅಷ್ಟು ಮಾಡಿದ್ದಕ್ಕೇ ಬಿಡ್ ಹಾಕಬಹುದಾದ ದೇಶದೊಳಗಿನ ತಯಾರಕರು ಸೊನ್ನೆಯಿಂದ ಮೂರಕ್ಕೆ ಏರಿದರು.

ಎರಡನೇ ತಪ್ಪು ಗಂಟು ಕಟ್ಟಿದ್ದರಲ್ಲಿ. ಮೇಜಿನಿಂದ ಹಿಡಿದು ಸ್ಪೆಕ್ಟ್ರೋಫೋಟೋಮೀಟರ್‌ವರೆಗೆ ಎಲ್ಲವನ್ನೂ ಒಂದೇ ಟೆಂಡರಿನ ಒಂದೇ ಗಂಟಾಗಿ ಹಾಕಿದ್ದೆವು, ಯಾಕೆಂದರೆ ಒಂದೇ ಫೈಲು, ಒಂದೇ ಸಹಿ, ನಮಗೆ ಸುಲಭ. ಆದರೆ ಸ್ಟೀಲ್ ಮೇಜು ಮಾಡುವವನು ಸ್ಪೆಕ್ಟ್ರೋಫೋಟೋಮೀಟರ್ ಎಲ್ಲಿಂದ ತರಬೇಕು? ಅಷ್ಟು ದೊಡ್ಡ ಗಂಟಿಗೆ ತಕ್ಕ ಹಾಗೆ ವಾರ್ಷಿಕ ವಹಿವಾಟು ಇಷ್ಟಿರಬೇಕು, ಹಿಂದೆ ಇಷ್ಟು ದೊಡ್ಡ ಆರ್ಡರ್ ಮುಗಿಸಿರಬೇಕು ಅನ್ನುವ ಅರ್ಹತೆಯೂ ಏರುತ್ತಾ ಹೋಗುತ್ತದೆ. ಆ ಅರ್ಹತೆ ಬರೆದದ್ದು ಬ್ಯಾಂಕ್ ಅಲ್ಲ, ನಾವೇ. ಕೊನೆಗೆ ಐದು ಲಾಟ್, ಅಂದರೆ ಐದು ಚಿಕ್ಕ ಗಂಟು ಮಾಡಿದೆವು. ಒಬ್ಬರು ಒಂದಕ್ಕೂ ಹಾಕಬಹುದು, ಐದಕ್ಕೂ ಹಾಕಬಹುದು. ಜನರೇಟರನ್ನು ಪೂರ್ತಿ ಬೇರೆ ಮಾಡಿ ಕೊಟೇಶನ್ ದಾರಿಗೆ ಹಾಕಿದೆವು. ಅದರ ಕಥೆ ಆಮೇಲೆ.

ಟೆಂಡರಿಗೆ ಮುಂಚಿನ ಮೀಟಿಂಗಿಗೆ ಬಂದವರು ಹನ್ನೊಂದು ಜನ. ಅಲ್ಲಿ ನನಗೆ ತಿಳಿದ ಒಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ತುಂಬ ಜನ ಎಡವುತ್ತಾರೆ. ಸ್ಥಳೀಯ ಪೂರೈಕೆದಾರ ಬೇರೆ, ಸ್ಥಳೀಯ ವಸ್ತು ಬೇರೆ. ನಿಮ್ಮ ಅಂಗಡಿ ದೇಶದೊಳಗೆ ಇರಬಹುದು, ನೀವು ಮಾರುವುದು ಹೊರಗಿನ ಯಂತ್ರವಾದರೆ ನೀವು ಡೀಲರ್, ತಯಾರಕರಿಂದ ಅಧಿಕಾರ ಪತ್ರ ತರಬೇಕು. ಅಂತರರಾಷ್ಟ್ರೀಯ ಸ್ಪರ್ಧೆಯ ಟೆಂಡರಿನಲ್ಲಿ ದೇಶೀಯ ವಸ್ತುವಿಗೆ 15 ಪರ್ಸೆಂಟ್ ಆದ್ಯತೆ ಕೊಡಲು ನಿಯಮದಲ್ಲಿ ಅವಕಾಶ ಇದೆ. ಆದರೆ ಅದು ಅಂಗಡಿಗೆ ಅಲ್ಲ, ವಸ್ತುವಿಗೆ.

ಲೆಕ್ಕ ಹೀಗೆ. ಬಂದ ಬಿಡ್‌ಗಳನ್ನು ಮೂರು ಗುಂಪು ಮಾಡುತ್ತಾರೆ. ದೇಶದೊಳಗೆ ತಯಾರಾಗಿ, ಕಾರ್ಖಾನೆ ಬಾಗಿಲ ಬೆಲೆಯಲ್ಲಿ ಕನಿಷ್ಠ 30 ಪರ್ಸೆಂಟ್ ದೇಶದ್ದೇ ಕೂಲಿ, ಕಚ್ಚಾ ಸಾಮಗ್ರಿ, ಬಿಡಿಭಾಗ ಇದ್ದರೆ ಎ ಗುಂಪು. ದೇಶದೊಳಗೆ ತಯಾರಾದರೂ ಅಷ್ಟಿಲ್ಲದಿದ್ದರೆ ಬಿ. ಹೊರಗೆ ತಯಾರಾದದ್ದು ಸಿ, ಅದು ಈಗಾಗಲೇ ಬಂದು ಗೋಡೌನಿನಲ್ಲಿ ಕೂತಿದ್ದರೂ ಸಿ. ಕಮ್ಮಿ ಬೆಲೆಯ ಬಿಡ್ ಎ ಅಥವಾ ಬಿ ಗುಂಪಿನದ್ದಾದರೆ ಅಲ್ಲಿಗೆ ಮುಗಿಯಿತು. ಸಿ ಗುಂಪಿನದ್ದಾದರೆ ಅದರ ಆಮದು ಬೆಲೆಗೆ 15 ಪರ್ಸೆಂಟ್ ಸೇರಿಸಿ ಎ ಗುಂಪಿನ ಕಮ್ಮಿ ಬೆಲೆಯ ಜೊತೆ ಮತ್ತೆ ಹೋಲಿಸುತ್ತಾರೆ. ಹೊರಗಿನದ್ದು 100 ಅಂತ ಇಟ್ಟುಕೊಳ್ಳಿ, ದೇಶದ್ದು 108. ಸೇರಿಸಿದ ಮೇಲೆ 115 ಎದುರು 108, ದೇಶದ್ದು ಗೆದ್ದಿತು. ದುಡ್ಡು ಕೊಡುವುದು 108ರ ಲೆಕ್ಕದಲ್ಲೇ; ಆ 15 ಬರೀ ಹೋಲಿಕೆಗೆ. ಬಿ ಗುಂಪಿನವರಿಗೆ ಇದರಿಂದ ಏನೂ ಸಿಗುವುದಿಲ್ಲ.

ಇಷ್ಟು ವಿವರಿಸಿದಾಗ ಇನ್‌ಕ್ಯುಬೇಟರ್ ತಯಾರಿಸುವ ಹಿರಿಯರೊಬ್ಬರು ಎದ್ದು ನಿಂತು, "ಸಾರ್, ನಮ್ಮದು ಕಂಟ್ರೋಲರ್ ಒಂದೇ ಹೊರಗಿಂದು, ಉಳಿದಿದ್ದು ನಮ್ಮ ಶೆಡ್‌ನಲ್ಲೇ. ನಾವು ಯಾವ ಗುಂಪು?" ಅಂದರು. ಅದನ್ನು ನಾನು ಹೇಳುವ ಹಾಗಿಲ್ಲ, ನೀವು ಲೆಕ್ಕ ಹಾಕಿ ಬಿಡ್‌ನಲ್ಲಿ ತೋರಿಸಬೇಕು ಅಂದೆ. ಅವರು ಪೆನ್ಸಿಲ್ ತೆಗೆದು ಟೆಂಡರ್ ಪ್ರತಿಯ ಹಿಂಬದಿಯಲ್ಲೇ ಬರೆಯಲು ಶುರು ಮಾಡಿದರು: ತಗಡು ಇಷ್ಟು, ವೆಲ್ಡಿಂಗ್ ಕೂಲಿ ಇಷ್ಟು, ಇನ್ಸುಲೇಶನ್ ಇಷ್ಟು. ಮೂವತ್ತನ್ನು ಎಷ್ಟೋ ದೂರ ದಾಟಿತ್ತು. ಇಷ್ಟು ವರ್ಷ ಟೆಂಡರ್ ಹಾಕಿದ್ದರೂ ಈ ಆದ್ಯತೆ ಒಮ್ಮೆಯೂ ಕೇಳಿರಲಿಲ್ಲವಂತೆ. ಅದು ತಾನಾಗಿ ಸಿಗುವುದೂ ಇಲ್ಲ. ಖರೀದಿ ಯೋಜನೆಯಲ್ಲಿ ಒಪ್ಪಿಗೆಯಾಗಿ, ಟೆಂಡರ್ ಡಾಕ್ಯುಮೆಂಟಿನಲ್ಲಿ ಬರೆದಿರಬೇಕು.

ಆ ಮೀಟಿಂಗಿನಲ್ಲಿ ನಾನು ಹೇಳಬೇಕಿದ್ದು, ಹೇಳದೆ ಬಿಟ್ಟದ್ದು ಒಂದಿದೆ. ಬಿಡ್ ಕೊಟ್ಟವರು ಹಿಂದೆ ಸರಿದರೆ ಇಷ್ಟು ಹಣ ನಾವು ಕೊಡುತ್ತೇವೆ ಅಂತ ಅವರ ಬ್ಯಾಂಕ್ ಬರೆದುಕೊಡುವ ಪತ್ರವೇ ಬ್ಯಾಂಕ್ ಗ್ಯಾರಂಟಿ. ಬಿಡ್ ಜೊತೆ ಕೊಡುವ ಈ ಗ್ಯಾರಂಟಿ ಬಿಡ್‌ನ ಅವಧಿಗಿಂತ, ಅಂದರೆ ಹೇಳಿದ ಬೆಲೆಗೆ ಅವರು ಬದ್ಧರಾಗಿರುವ ದಿನಗಳಿಗಿಂತ, 28 ದಿನ ಜಾಸ್ತಿ ಊರ್ಜಿತವಾಗಿರಬೇಕು. ಡಾಕ್ಯುಮೆಂಟಿನಲ್ಲಿ ಇದೆ ಅಲ್ವಾ, ಓದಿಕೊಳ್ಳುತ್ತಾರೆ ಬಿಡು ಅಂದುಕೊಂಡೆ.

ಬಿಡ್ ತೆರೆದ ದಿನ. ಉದ್ದನೆಯ ಮೇಜು, ಒಂದು ಕಡೆ ನಾವು ನಾಲ್ಕು ಜನ, ಎದುರಿಗೆ ಬಿಡ್‌ದಾರರು. ಅರಗಿನ ಸೀಲು ಒಡೆದು ಕವರ್ ಕತ್ತರಿಸಿ, ಹೆಸರು, ಲಾಟ್, ಬೆಲೆ, ರಿಯಾಯಿತಿ, ಗ್ಯಾರಂಟಿ ಇದೆಯೋ ಇಲ್ಲವೋ, ಎಲ್ಲವನ್ನೂ ಗಟ್ಟಿಯಾಗಿ ಓದಬೇಕು. ತಡವಾಗಿ ಬಂದದ್ದನ್ನು ಬಿಟ್ಟು ಯಾವ ಬಿಡ್ಡನ್ನೂ ಆ ಮೇಜಿನ ಮೇಲೆ ತಿರಸ್ಕರಿಸುವ ಹಾಗಿಲ್ಲ. ಇನ್‌ಕ್ಯುಬೇಟರ್ ಲಾಟ್‌ನಲ್ಲಿ ಆ ಹಿರಿಯರ ಬೆಲೆ ಎಲ್ಲರಿಗಿಂತ ಕಮ್ಮಿ ಇತ್ತು. 15 ಪರ್ಸೆಂಟ್ ಆದ್ಯತೆಯ ಅಗತ್ಯವೇ ಇಲ್ಲದಷ್ಟು ಕಮ್ಮಿ. ಅವರು ನನ್ನ ಕಡೆ ನೋಡಿ ಸ್ವಲ್ಪ ನಕ್ಕರು.

ಮೂರು ದಿನ ಬಿಟ್ಟು ಮೌಲ್ಯಮಾಪನಕ್ಕೆ ಕೂತಾಗ ಅವರ ಗ್ಯಾರಂಟಿ ತೆಗೆದೆ. ಬಿಡ್‌ನ ಅವಧಿ 90 ದಿನ. ಗ್ಯಾರಂಟಿ 118 ದಿನ ಇರಬೇಕಿತ್ತು. ಅದರಲ್ಲೂ ಇದ್ದದ್ದು 90. ಸರಿಯಾಗಿ 28 ದಿನ ಕಮ್ಮಿ. ಅವರ ಬ್ಯಾಂಕಿನವರು ಬಿಡ್ ಎಷ್ಟು ದಿನ ಅಂತ ಕೇಳಿ ಅಷ್ಟೇ ಟೈಪ್ ಮಾಡಿಕೊಟ್ಟಿದ್ದರು. ಸಮಿತಿಯಲ್ಲಿ ಒಂದು ಗಂಟೆ ಚರ್ಚೆ ಆಯಿತು. ಸ್ಪಷ್ಟನೆ ಕೇಳಿ ಸರಿಪಡಿಸಿಕೊಳ್ಳೋಣವೇ ಅಂತ ಒಬ್ಬರು ಕೇಳಿದರು. ಆಗುವುದಿಲ್ಲ. ಸಣ್ಣಪುಟ್ಟ ಕೊರತೆ ತುಂಬಿಸಿಕೊಳ್ಳಬಹುದು, ಗ್ಯಾರಂಟಿ ಅಂಥದ್ದಲ್ಲ. ಅದು ಸರಿಯಿಲ್ಲದಿದ್ದರೆ ಬಿಡ್ ತಿರಸ್ಕಾರ. ಒಬ್ಬರಿಗೆ ಬಿಟ್ಟರೆ ಇನ್ನೊಬ್ಬರು ದೂರು ಕೊಡುತ್ತಾರೆ, ಕೊಡಬೇಕಾದ್ದೇ. ತಿರಸ್ಕರಿಸಿದೆವು. ಲಾಟ್ ಹೋದದ್ದು ಎರಡನೆಯವರಿಗೆ. ಅವರೂ ದೇಶದೊಳಗಿನ ತಯಾರಕರೇ, ಬೆಲೆ ಮಾತ್ರ ಸ್ವಲ್ಪ ಜಾಸ್ತಿ.

ಯಾರಿಗೆ ಕೊಡುತ್ತೇವೆ ಅಂತ ಎಲ್ಲರಿಗೂ ತಿಳಿಸಿದ ಮೇಲೆ ಹತ್ತು ಕೆಲಸದ ದಿನ ಕಾಯಬೇಕು, ಆ ಮಧ್ಯೆ ಸೋತವರು ಯಾಕೆ ಸೋತೆವು ಅಂತ ವಿವರಣೆ ಕೇಳಬಹುದು, ಕೇಳಲು ಮೂರು ಕೆಲಸದ ದಿನ ಸಮಯ. ಹಿರಿಯರು ಎರಡನೇ ದಿನವೇ ಪತ್ರ ಕೊಟ್ಟರು. ಜಗಳ ಆಡುತ್ತಾರೆ ಅಂದುಕೊಂಡಿದ್ದೆ. ಗ್ಯಾರಂಟಿಯ ಪ್ರತಿ ಮತ್ತು ಟೆಂಡರಿನ ಆ ಪುಟ ಎರಡನ್ನೂ ಪಕ್ಕಪಕ್ಕ ಇಟ್ಟೆ. ತುಂಬ ಹೊತ್ತು ನೋಡಿದರು. "ಮೀಟಿಂಗಲ್ಲಿ ಇದೊಂದು ಹೇಳಿದ್ದರೆ ಆಗ್ತಿತ್ತಲ್ಲ ಸಾರ್" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅವರ ಮಾತು ಸರಿ. ಸಾಲ ಕೊಟ್ಟವರು ಸ್ಥಳೀಯರನ್ನು ಹೊರಗಿಟ್ಟಿರಲಿಲ್ಲ, ನಮ್ಮ ಕಾಗದ ಹೊರಗಿಟ್ಟಿತ್ತು, ಆ ಕಾಗದವನ್ನು ಓದಿ ಹೇಳುವ ಕೆಲಸ ನನ್ನದಾಗಿತ್ತು.

ಗ್ಯಾರಂಟಿಯ ಬದಲು ಬರೀ ಘೋಷಣಾ ಪತ್ರ ತೆಗೆದುಕೊಳ್ಳಲೂ ಅವಕಾಶ ಇದೆ. ಬಿಡ್ ಕೊಟ್ಟು ಹಿಂದೆ ಸರಿದರೆ ಇಂತಿಷ್ಟು ಕಾಲ ನನ್ನನ್ನು ಟೆಂಡರಿನಿಂದ ಹೊರಗಿಡಿ ಅಂತ ಸಹಿ ಹಾಕಿ ಕೊಡುವುದು, ಅಷ್ಟೇ. ಚಿಕ್ಕವರಿಗೆ ಬ್ಯಾಂಕಿನಲ್ಲಿ ಹಣ ಅಡವಿಡುವ ಕಷ್ಟ ತಪ್ಪುತ್ತದೆ. ನಮ್ಮ ಲೆಕ್ಕಪತ್ರ ವಿಭಾಗ ಮಾತ್ರ 'ಕೈಯಲ್ಲಿ ಕಾಗದ ಇಲ್ಲದೆ ಹೇಗೆ' ಅಂತ ಒಪ್ಪಲೇ ಇಲ್ಲ. ಘೋಷಣಾ ಪತ್ರವೂ ಕಾಗದವೇ ಅಂದೆ. ನಗಲಿಲ್ಲ.

ಈಗ ಜನರೇಟರ್. ಸಣ್ಣ ಮೊತ್ತದ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸಾಮಾನಿಗೆ ದೊಡ್ಡ ಟೆಂಡರ್ ಬೇಡ, ಕನಿಷ್ಠ ಮೂರು ಕೊಟೇಶನ್ ತರಿಸಿ ಹೋಲಿಸಿದರೆ ಸಾಕು. ಸ್ಥಳೀಯ ವ್ಯಾಪಾರಿಗಳಿಗೆ ಇದೇ ಸಲೀಸಾದ ದಾರಿ. ನಾವು ಆರು ಜನರಿಗೆ ಪತ್ರ ಕಳಿಸಿದೆವು, ಮೂರು ಬಂದವು. ಮೂರೂ ಬೇರೆ ಬೇರೆ ಲೆಟರ್‌ಹೆಡ್, ಬೇರೆ ಸೀಲು, ಬೇರೆ ಸಹಿ. ಓದುತ್ತಾ ಹೋದೆ. ಮೊದಲನೆಯದರಲ್ಲಿ 'ಆಲ್ಟರ್ನೇಟರ್' ಅನ್ನುವಲ್ಲಿ 'ಆಲ್ರಟ್ನೇಟರ್' ಅಂತ ಟೈಪಾಗಿತ್ತು. ಇರಲಿ ಬಿಡಿ, ಎಲ್ಲರ ಕೈಯೂ ತಪ್ಪುತ್ತದೆ. ಎರಡನೆಯದರಲ್ಲೂ ಆಲ್ರಟ್ನೇಟರ್. ಮೂರನೆಯದನ್ನು ತೆಗೆಯುವಾಗ ನನಗೆ ಮೊದಲೇ ಗೊತ್ತಾಗಿತ್ತು. ಒಬ್ಬರೇ ಕೂತು ಮೂರನ್ನೂ ಟೈಪ್ ಮಾಡಿ, ಇಬ್ಬರು ಸ್ನೇಹಿತರ ಸೀಲು ಹೊಡೆಸಿ ತಂದಿದ್ದರು.

ಕರೆದು ಕೇಳಿದರೆ, "ಎಲ್ಲಾ ಕಡೆ ಹೀಗೇ ನಡೆಯುತ್ತೆ ಸಾರ್, ನಿಮಗೇ ಅನುಕೂಲ ಆಗಲಿ ಅಂತ" ಅಂದರು. ಪಾಪ, ಅವರಿಗೆ ಅದು ಅಪರಾಧ ಅಂತಲೇ ಅನಿಸಿರಲಿಲ್ಲ. ಆದರೆ ಬ್ಯಾಂಕಿನ ನಿಯಮದಲ್ಲಿ ಭ್ರಷ್ಟಾಚಾರ, ವಂಚನೆ, ಒಳಒಪ್ಪಂದ, ಬೆದರಿಕೆ, ತನಿಖೆಗೆ ಅಡ್ಡಿ ಅಂತ ಐದು ಬಗೆ ಹೇಳಿದ್ದಾರೆ, ಇದು ಸೀದಾ ಮೂರನೆಯದು. ಸಾಬೀತಾದರೆ ಸಂಸ್ಥೆ ನಿಷೇಧದ ಪಟ್ಟಿಗೆ ಹೋಗಬಹುದು. ಆ ಪಟ್ಟಿ ಎಲ್ಲರೂ ನೋಡುವಂಥದ್ದು, ನಾವು ಯಾರಿಗೇ ಆರ್ಡರ್ ಕೊಡುವ ಮುಂಚೆಯೂ ಅದನ್ನು ತೆರೆದು ಹೆಸರು ಹುಡುಕಿ, ಆ ಪುಟದ ಪ್ರಿಂಟ್ ಫೈಲಿಗೆ ಹಾಕುತ್ತೇವೆ. 2010ರ ಏಪ್ರಿಲ್‌ನಿಂದ ವಿಶ್ವ ಬ್ಯಾಂಕ್, ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸೇರಿ ಐದು ದೊಡ್ಡ ಬ್ಯಾಂಕುಗಳ ನಡುವೆ ಒಪ್ಪಂದವೂ ಇದೆ: ಒಂದು ಕಡೆ ಒಂದು ವರ್ಷಕ್ಕಿಂತ ಜಾಸ್ತಿ ನಿಷೇಧವಾದರೆ ಉಳಿದ ಕಡೆಯೂ ಬಾಗಿಲು ಮುಚ್ಚುತ್ತದೆ. ಆ ಕೊಟೇಶನ್‌ಗಳನ್ನು ರದ್ದು ಮಾಡಿ, ಮೇಲಿನವರಿಗೆ ಬರೆದು, ಹೊಸದಾಗಿ ಹತ್ತು ಜನರಿಗೆ ಪತ್ರ ಕಳಿಸಿದೆವು. ಒಂದೂವರೆ ತಿಂಗಳು ಹೋಯಿತು. ಬಂದ ಬೆಲೆ ಮಾತ್ರ ಮೊದಲಿಗಿಂತ ಕಮ್ಮಿ.

ಸಾಮಾನು ಬಂತು. ಡೆಲಿವರಿ ಬಗ್ಗೆ ಹೇಳುವುದು ಹೆಚ್ಚೇನಿಲ್ಲ, ಸ್ಥಳೀಯರಿಂದ ಕೊಂಡದ್ದೆಲ್ಲ ಹೊತ್ತಿಗೆ ಸರಿಯಾಗಿ ಬಂತು. ಹೊರಗಿನಿಂದ ತರಿಸಿದ ಸ್ಪೆಕ್ಟ್ರೋಫೋಟೋಮೀಟರ್ ಮಾತ್ರ ಬಂದರಿನಲ್ಲಿ ಕಾಗದಕ್ಕಾಗಿ ಕಾಯುತ್ತಾ ಕೂತಿತ್ತು. ಕಷ್ಟ ಇದ್ದದ್ದು ಹಣ ಕೊಡುವಲ್ಲಿ.

ನಮ್ಮ ಒಪ್ಪಂದದಲ್ಲಿ 10, 80, 10 ಅಂತ ಇತ್ತು. ಮುಂಗಡ ಹತ್ತು, ಡೆಲಿವರಿಗೆ ಎಂಬತ್ತು, ಪರೀಕ್ಷೆ ಮಾಡಿ ಒಪ್ಪಿಕೊಂಡ ಮೇಲೆ ಕೊನೆಯ ಹತ್ತು. ಮುಂಗಡಕ್ಕೆ ಮತ್ತೆ ಅಷ್ಟೇ ಮೊತ್ತದ ಬ್ಯಾಂಕ್ ಗ್ಯಾರಂಟಿ ಬೇಕು, ಜೊತೆಗೆ ಕೆಲಸ ಮುಗಿಸುವ ಭರವಸೆಗೆ ಇನ್ನೊಂದು ಗ್ಯಾರಂಟಿ. ಮೇಜು ಮಾಡುವವರು ಮುಂಗಡವೇ ಬೇಡ ಅಂದುಬಿಟ್ಟರು. ಎಂಬತ್ತು ಬೇಗ ಹೋಯಿತು, ಯಾಕೆಂದರೆ ಸಾಲದ ಹಣ ಪ್ರಾಜೆಕ್ಟಿನ ಪ್ರತ್ಯೇಕ ಖಾತೆಗೆ ಮೊದಲೇ ಬಂದಿರುತ್ತದೆ, ಅಲ್ಲಿಂದ ಸ್ಥಳೀಯ ಹಣದಲ್ಲೇ ಕೊಟ್ಟು ಖರ್ಚಿನ ಲೆಕ್ಕ ಬ್ಯಾಂಕಿಗೆ ಕಳಿಸುವುದು. ಸಿಕ್ಕಿಹಾಕಿಕೊಂಡದ್ದು ಕೊನೆಯ ಹತ್ತು.

ಒಪ್ಪಿಗೆ ಪತ್ರಕ್ಕೆ 14 ಲ್ಯಾಬಿನವರೂ ಸಹಿ ಹಾಕಬೇಕು. ನಾಲ್ಕು ಕಡೆ ಯಂತ್ರ ಇಡುವ ಕೋಣೆಗೆ ಅರ್ಥಿಂಗ್ ಆಗಿರಲಿಲ್ಲ. ಎರಡು ಕಡೆ ಸಹಿ ಹಾಕಬೇಕಾದವರು ವರ್ಗವಾಗಿ ಹೋಗಿದ್ದರು. ಯಂತ್ರ ಪ್ಯಾಕಿಂಗ್ ಬಿಚ್ಚದೆ ಕೂತಿದೆ, ಪೂರೈಕೆದಾರರ ತಪ್ಪು ಏನೂ ಇಲ್ಲ, ಆದರೂ ಸಹಿ ಇಲ್ಲದೆ ಬಿಲ್ಲು ಮುಂದಕ್ಕೆ ಹೋಗುವುದಿಲ್ಲ. ಅವರು ತಡ ಮಾಡಿದ್ದರೆ ವಾರಕ್ಕೆ ಅರ್ಧ ಪರ್ಸೆಂಟ್ ದಂಡ ಹಿಡಿಯುತ್ತಿದ್ದೆವು. ನಾವು ತಡ ಮಾಡಿದರೆ? ಬಿಲ್ಲು ಕೊಟ್ಟು 60 ದಿನದೊಳಗೆ ಹಣ ಕೊಡಬೇಕು, ಮೀರಿದರೆ ಬಡ್ಡಿ ಕೊಡಬೇಕು ಅಂತ ಒಪ್ಪಂದದಲ್ಲೇ ಇದೆ. ಆದರೆ ಬಡ್ಡಿ ಕೇಳಿದವರನ್ನು ನಾನು ಈವರೆಗೆ ನೋಡಿಲ್ಲ, ಮುಂದಿನ ಆರ್ಡರ್ ತಪ್ಪೀತು ಅನ್ನುವ ಭಯ. ನಾನೇ ಗಾಡಿ ಮಾಡಿಕೊಂಡು ಲ್ಯಾಬಿಂದ ಲ್ಯಾಬಿಗೆ ತಿರುಗಿ ಸಹಿ ಮಾಡಿಸಿಕೊಂಡು ಬಂದೆ. ಪ್ರಾಜೆಕ್ಟಿನ ಮುಕ್ತಾಯದ ದಿನ ಬೇರೆ ಹತ್ತಿರ ಬರುತ್ತಿತ್ತು. ಅದಾದ ಮೇಲೆ ಬಿಲ್ಲು ತೀರಿಸಲು ಸಾಮಾನ್ಯವಾಗಿ ನಾಲ್ಕು ತಿಂಗಳು ಸಿಗುತ್ತದೆ, ಆಮೇಲೆ ಸಾಲದ ಖಾತೆಯ ಬಾಗಿಲು ಹಾಕಿಬಿಡುತ್ತಾರೆ.

ಆ ಓಡಾಟದ ನಡುವೆ ಉಳಿದ ಹಣದಲ್ಲಿ ಇನ್ನೊಂದು ಚಿಕ್ಕ ಟೆಂಡರ್ ಕರೆದಿದ್ದೆವು, ನೀರಿನ ಸ್ಯಾಂಪಲ್ ಒಯ್ಯುವ ತಂಪು ಪೆಟ್ಟಿಗೆಗಳಿಗೆ. ಈ ಸಲ ಮೀಟಿಂಗಿನಲ್ಲಿ ಬೋರ್ಡಿನ ಮೇಲೆ ಗ್ಯಾರಂಟಿಯ ಕೊನೆಯ ದಿನಾಂಕ ದೊಡ್ಡದಾಗಿ ಬರೆದೆ, 28 ದಿನ ಸೇರಿಸಿ, ಕ್ಯಾಲೆಂಡರ್ ತೋರಿಸಿ. ಬಿಡ್ ಕೊಡುವ ದಿನ ಹಿರಿಯರು ಒಂದು ಗಂಟೆ ಮುಂಚೆಯೇ ಬಂದರು. ಕವರ್ ಇನ್ನೂ ಅಂಟಿಸಿರಲಿಲ್ಲ. ಗ್ಯಾರಂಟಿ ತೆಗೆದು ನನ್ನ ಮುಂದೆ ಹಿಡಿದು, "ದಿನಾಂಕ ಸರಿ ಇದೆಯಾ ನೋಡಿ ಸಾರ್" ಅಂದರು.

"ನಾನು ನೋಡುವ ಹಾಗಿಲ್ಲ, ಒಳಗಿಟ್ಟು ಸೀಲು ಮಾಡಿ" ಅಂದೆ. ಅವರು ಅಲ್ಲೇ ಬೆಂಚಿನ ಮೇಲೆ ಕೂತು, ಬೋರ್ಡಿನ ಮೇಲಿದ್ದ ದಿನಾಂಕವನ್ನೂ ಕೈಯಲ್ಲಿದ್ದ ಕಾಗದವನ್ನೂ ಎರಡು ಸಲ ನೋಡಿ, ಕವರಿಗೆ ಗೋಂದು ಹಚ್ಚಿದರು.